ವಿಸಿಟ್ ವೀಸಾದಲ್ಲಿ ಗಲ್ಫ್ ಕೆಲಸ: ಒಂದು ಸ್ಪಷ್ಟನೆ

"ಗಲ್ಫ್‌ಗೆ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೊಳ್ಳಿ, ಕೆಲಸದ ವೀಸಾ ಆಮೇಲೆ ಅಲ್ಲೇ ಮಾಡಿಸಬಹುದು. ಇಸಿಆರ್ ಪಾಸ್‌ಪೋರ್ಟ್ ಇದ್ರೂ ತೊಂದರೆ ಇಲ್ಲ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. (ಇಸಿಆರ್ ಅಂದರೆ ಕೆಲಸಕ್ಕೆ ಹೊರಡುವ ಮೊದಲು ವಲಸೆ ತಪಾಸಣೆ ಬೇಕಾದ ಪಾಸ್‌ಪೋರ್ಟ್.) ಇದರಲ್ಲಿ ಅರ್ಧ ನಿಜ, ಅರ್ಧ ಅಪಾಯ.

ಯುಎಇಯಲ್ಲಿ ವಿಸಿಟ್ ವೀಸಾವನ್ನು ಕೆಲಸದ ವೀಸಾಗೆ ಬದಲಿಸುವ ದಾರಿ ಇದೆ, ಅದು ಸರಿ. ಆದರೆ ಕೆಲಸದ ಪರ್ಮಿಟ್ ಕೈಗೆ ಬರುವ ಮೊದಲು ಒಂದು ದಿನ ದುಡಿದರೂ ಕಾನೂನುಬಾಹಿರ. ಆಗ ಸಂಬಳ ಕೊಡದಿದ್ದರೆ ಯಾವ ಕಾಗದ ಹಿಡಿದು ದೂರು ಕೊಡುತ್ತೀರಿ?

ಇನ್ನು ಇಸಿಆರ್. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇದೇ ಗುಂಪಿಗೆ ಬರುತ್ತದೆ. ಕೊನೆಯ ಪುಟದಲ್ಲಿ ಇಸಿಆರ್ ಮುದ್ರೆ ಇದೆಯಾ ನೋಡಿಕೊಳ್ಳಿ. ಇದ್ದರೆ, ಸೌದಿ, ಕುವೈತ್, ಕತಾರ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಭಾರತ ಸರ್ಕಾರದ ಅನುಮತಿ ಬೇಕು. ವಿಸಿಟ್ ವೀಸಾದಲ್ಲಿ ಹೊರಟವರು ಈ ಅನುಮತಿಯನ್ನು ತಪ್ಪಿಸಿಕೊಂಡೇ ಹೋದ ಹಾಗೆ. ಅದರ ಜೊತೆಗೆ ಸಿಗುವ 10 ಲಕ್ಷ ರೂಪಾಯಿಯ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' (ವಿದೇಶಕ್ಕೆ ದುಡಿಯಲು ಹೋಗುವವರ ವಿಮೆ) ಕೂಡ ಕೈತಪ್ಪುತ್ತದೆ.

"ಮೂರು ದಿನದಲ್ಲಿ ಹೊರಡಬೇಕು, ದುಡ್ಡು ಕಟ್ಟಿ" ಎನ್ನುವ ಏಜೆಂಟರು ಕರಾವಳಿಯಲ್ಲಿ ಕಡಿಮೆಯೇನಿಲ್ಲ, ಅಲ್ವಾ? ಅವರ ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಸೇವಾ ಶುಲ್ಕ 30,000 ರೂಪಾಯಿ ದಾಟುವ ಹಾಗಿಲ್ಲ, ಜಿಎಸ್‌ಟಿ ಬೇರೆ. ಸುಮ್ನೆ ಬಾಯಿಮಾತು ನಂಬಬೇಡಿ, ರಸೀದಿ ಪಡೆಯಿರಿ. ಸಂಬಳ, ರಜೆ, ವಸತಿ ಬರೆದಿರುವ ಒಪ್ಪಂದದ ಒಂದು ಪ್ರತಿಯನ್ನು ಮನೆಯಲ್ಲೂ ಬಿಟ್ಟುಹೋಗಿ.