ರಿಂಗ್‌ಗೆ ಬೆನ್ನು ಹಾಕಿ ಆಡುವವರು ಎಲ್ಲಿ ಹೋದರು?

1995ರ ಆ ಬ್ಯಾಸ್ಕೆಟ್‌ಬಾಲ್ ವಿಡಿಯೊ ಮತ್ತೆ ಓಡಾಡುತ್ತಿದೆ. ಹಕೀಮ್ ಒಲಾಜುವನ್ ಚೆಂಡು ಹಿಡಿದು ಒಂದು ಕಡೆ ಭುಜ ಆಡಿಸುತ್ತಾನೆ, ಇನ್ನೊಂದು ಕಡೆ ತಿರುಗುತ್ತಾನೆ. ಮೇಲೆ ಹಾರಿದ ಡೇವಿಡ್ ರಾಬಿನ್ಸನ್ ಕೆಳಗಿಳಿಯುವಷ್ಟರಲ್ಲಿ ಚೆಂಡು ರಿಂಗ್ ಒಳಗೆ. ರಾಬಿನ್ಸನ್ ಅಂದ್ರೆ ಸಾಮಾನ್ಯದವನಲ್ಲ, ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ! ಇದನ್ನು ನೋಡಿದವರಲ್ಲಿ ಯಾವಾಗಲೂ ಎರಡು ಪಕ್ಷ. ಈಗಿನವರಿಗೆ ಇದು ಬರಲ್ಲ ಅನ್ನುವವರು ಒಂದು ಕಡೆ. ಈಗಿನ ಡಿಫೆನ್ಸ್ ಮುಂದೆ ಇದೆಲ್ಲ ನಡೆಯಲ್ಲ ಅನ್ನುವವರು ಇನ್ನೊಂದು ಕಡೆ.

ಎರಡೂ ಪಕ್ಷದವರು ಹಕೀಮನ ಕಾಲನ್ನೇ ನೋಡುತ್ತಾರೆ. ಒಮ್ಮೆ ಅಂಗಳದಲ್ಲಿರುವ ಉಳಿದ ಎಂಟು ಜನರನ್ನು ನೋಡಿ.

ಆಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 'ಇಲ್ಲೀಗಲ್ ಡಿಫೆನ್ಸ್' ಅಂತ ನಿಯಮ ಇತ್ತು. ಡಿಫೆಂಡರ್ ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟು ಸುಮ್ನೆ ನಡುವೆ ಬಂದು ನಿಲ್ಲುವ ಹಾಗಿರಲಿಲ್ಲ. ಒಂದೋ ಅವನ ಹತ್ತಿರ ಇರಬೇಕು, ಇಲ್ಲ ಚೆಂಡಿದ್ದವನ ಮೇಲೆ ಪೂರ್ತಿ ನುಗ್ಗಿ ಡಬಲ್ ಮಾಡಬೇಕು, ಅಂದರೆ ಇಬ್ಬರು ಸೇರಿ ಒಬ್ಬನನ್ನು ತಡೆಯಬೇಕು. ಅರ್ಧಂಬರ್ಧ ಸಹಾಯಕ್ಕೆ ಅವಕಾಶವೇ ಇಲ್ಲ. ಹಾಗಾಗಿ ಪೋಸ್ಟ್‌ನಲ್ಲಿ, ಅಂದರೆ ರಿಂಗ್ ಹತ್ತಿರ ಅದಕ್ಕೆ ಬೆನ್ನು ಹಾಕಿ ಆಡುವ ಜಾಗದಲ್ಲಿ, ಚೆಂಡು ಸಿಕ್ಕವನಿಗೆ ಎದುರಿಗೆ ಒಬ್ಬನೇ ಇರುತ್ತಿದ್ದ, ಯೋಚನೆ ಮಾಡಲು ಸಮಯವೂ ಇರುತ್ತಿತ್ತು. 2001-02ರ ಸೀಸನ್‌ನಿಂದ ಆ ನಿಯಮ ಹೋಯಿತು, ಆಟಗಾರನ ಬದಲು ಜಾಗ ಕಾಯುವ ಝೋನ್ ಡಿಫೆನ್ಸ್ ಬಂತು. ಯಾರನ್ನೂ ಕಾಯದೆ ಪೇಂಟ್‌ನಲ್ಲಿ (ರಿಂಗ್ ಮುಂದಿನ ಆಯತಾಕಾರದ ಜಾಗ) ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಬಾರದು ಅನ್ನುವುದಷ್ಟೇ ಉಳಿಯಿತು. ಡಿಫೆಂಡರ್‌ಗಳು ಒಂದು ಕಾಲು ಹೊರಗಿಟ್ಟು ಮತ್ತೆ ಒಳಗೆ ಬರುವುದನ್ನು ಕಲಿತರು.

ಅದರಿಂದ ಪೋಸ್ಟ್ ಆಟ ಮರುದಿನವೇ ನಿಂತುಹೋಯಿತು ಅಂತಲ್ಲ. ನಿಯಮ ಬದಲಾದ ಮೊದಲ ಸೀಸನ್‌ನ ಫೈನಲ್ಸ್‌ನಲ್ಲೇ ಶಕೀಲ್ ಓನೀಲ್ ಪಂದ್ಯಕ್ಕೆ ಸರಾಸರಿ 36ಕ್ಕಿಂತ ಹೆಚ್ಚು ಪಾಯಿಂಟ್ ಹೊಡೆದ. ಆದರೆ ಓನೀಲ್‌ನ ಲೆಕ್ಕವೇ ಬೇರೆ ಬಿಡಿ, ಆತನಿಗೆ ಯಾವ ನಿಯಮ ಇದ್ದರೇನು.

ನಿಜವಾಗಿ ಹೊಡೆತ ಬಿದ್ದದ್ದು ಚೆಂಡು ಒಳಗೆ ಬರುವ ದಾರಿಗೆ. ಈಗ ಡಿಫೆಂಡರ್ ಪೋಸ್ಟ್ ಆಟಗಾರನ ಮುಂದೆ ಬಂದು ನಿಲ್ಲುತ್ತಾನೆ. ತಲೆ ಮೇಲಿಂದ ಎಸೆದರೆ ಹಿಂದೆ ಇನ್ನೊಬ್ಬ ಕಾದಿರುತ್ತಾನೆ. ಪಾಸ್ ಕೊಡುವವನು ಹಿಂದೆ ಮುಂದೆ ನೋಡುತ್ತಾನೆ, ಶಾಟ್ ಹಾಕಲು ಸಿಗುವ 24 ಸೆಕೆಂಡ್‌ನಲ್ಲಿ ನಾಲ್ಕೈದು ಅಲ್ಲೇ ಖರ್ಚು. ಮೇಲೆ ಗಣಿತವೂ ಇದೆ. ಪೋಸ್ಟ್‌ನಿಂದ ನೂರು ಶಾಟ್ ಹಾಕಿ ಅರ್ಧ ಒಳಗೆ ಹೋದರೆ ತಲಾ ಎರಡರಂತೆ 100 ಪಾಯಿಂಟ್. ಮೂರು ಪಾಯಿಂಟ್ ಗೆರೆಯಾಚೆಯಿಂದ ನೂರರಲ್ಲಿ 36 ಹೋದರೂ 108. ಪೋಸ್ಟ್ ಆಟದಿಂದ ಸಿಗುವ ಫ್ರೀ ಥ್ರೋ, ಎದುರಾಳಿ ಸೆಂಟರ್‌ಗೆ (ರಿಂಗ್ ಹತ್ತಿರ ಆಡುವ ಎತ್ತರದವನಿಗೆ) ಬೀಳುವ ಫೌಲ್ ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೂ ಕೋಚ್‌ಗಳು ಯಾಕೆ ಹೊರಗೆ ಹೋದರು ಅಂತ ಅರ್ಥವಾಗುತ್ತದೆ.

ಹಾಗಾದರೆ ಹಳೆಯ ಮೂವ್‌ಗಳು ಕೆಲಸ ಮಾಡುತ್ತವಾ? ನನ್ನ ಪ್ರಕಾರ ಮಾಡುತ್ತವೆ, ಎರಡು ಸೆಕೆಂಡ್‌ನಲ್ಲಿ ಮುಗಿಯುವುದಾದರೆ. ಚೆಂಡು ಹಿಡಿದ ತಕ್ಷಣ ಡ್ರಾಪ್ ಸ್ಟೆಪ್ ಹಾಕಿದರೆ, ಅಂದರೆ ಒಂದು ಕಾಲು ಹಿಂದಿಟ್ಟು ರಿಂಗ್ ಕಡೆ ತಿರುಗಿದರೆ, ಸಹಾಯಕ್ಕೆ ಬರುವವನು ದಾರಿಯಲ್ಲೇ ಇರುತ್ತಾನೆ. ಅದೇ ನೀವು ಬೆನ್ನು ಕೊಟ್ಟು ನಾಲ್ಕೈದು ಸಲ ಡ್ರಿಬಲ್ ಮಾಡುತ್ತಾ ತಳ್ಳಿಕೊಂಡು ಹೋದರೆ ಮುಗೀತು, ಪಕ್ಕದಿಂದ ಬಂದ ಕೈ ಚೆಂಡನ್ನು ತಟ್ಟಿಹಾಕುತ್ತದೆ. ಆ ತಳ್ಳಾಟ ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ನೋಡುವುದಕ್ಕೂ ಬೋರ್. 1999-2000ರಲ್ಲೇ ಅದಕ್ಕೆ ಐದು ಸೆಕೆಂಡ್‌ನ ಮಿತಿ ಹಾಕಿದ್ದರು.

ನಿಕೊಲಾ ಯೋಕಿಚ್‌ನನ್ನು ನೋಡಿ. ಎತ್ತರಕ್ಕೆ ಹಾರುವವನಲ್ಲ, ಓಟವೂ ಅಷ್ಟಕ್ಕಷ್ಟೇ. ಆದರೂ 2021, 2022, 2024ರಲ್ಲಿ ಎಂವಿಪಿ, 2023ರಲ್ಲಿ ಆತನ ತಂಡ ಡೆನ್ವರ್‌ಗೆ ಪ್ರಶಸ್ತಿ. ಭುಜ ಆಡಿಸುತ್ತಾನೆ, ಒಂದು ಕಾಲೂರಿ ಪಿವಟ್ ಮಾಡುತ್ತಾನೆ, ತಲೆ ಮೇಲಿಂದ ಒಂದೇ ಕೈಯಲ್ಲಿ ಹಗುರಾಗಿ ಹುಕ್ ಎಸೆಯುತ್ತಾನೆ. ಎಲ್ಲ ಹಳೆಯ ಸರಕೇ. ಹೊಸದೇನೆಂದರೆ ಆತನಿಗೆ ಡಬಲ್ ಬಂದರೆ ಖುಷಿ. ಎರಡನೆಯವನು ಹೊರಟ ಕ್ಷಣವೇ ಚೆಂಡು ಇನ್ನೊಬ್ಬನ ಕೈಯಲ್ಲಿ. ಆ ಪಾಸ್‌ನ ಹೆದರಿಕೆಯಿಂದ ಎದುರಾಳಿ ಡಬಲ್ ಕಳಿಸಲು ಹಿಂಜರಿಯುತ್ತಾನೆ, ಆಗ ಯೋಕಿಚ್‌ಗೆ 1995ರ ಹಾಗೆ ಒಬ್ಬನೇ ಸಿಗುತ್ತಾನೆ! ಜೋಯೆಲ್ ಎಂಬೀಡ್ ಬೇರೆ ದಾರಿ ಹಿಡಿದ. ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಹತ್ತಿರದ ಜಾಗ ಬಿಟ್ಟು ಫ್ರೀ ಥ್ರೋ ಗೆರೆಯ ಹತ್ತಿರ, ರಿಂಗ್‌ಗೆ ಮುಖ ಮಾಡಿ ಆಡಲು ಶುರು ಮಾಡಿದ. ಅಲ್ಲಿಂದ ಡಬಲ್ ಎಲ್ಲಿಂದ ಬರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. 2022, 2023ರಲ್ಲಿ ಲೀಗ್‌ನಲ್ಲೇ ಹೆಚ್ಚು ಪಾಯಿಂಟ್ ಸರಾಸರಿ ಆತನದ್ದು.

ನನಗೆ ಇನ್ನೂ ಮಜಾ ಅನಿಸುವುದು ಜೇಲನ್ ಬ್ರನ್ಸನ್. ಆರಡಿ ಎರಡಂಗುಲದ ಗಾರ್ಡ್, ಅಂದರೆ ಹೊರಗಿನಿಂದ ಆಟ ನಡೆಸುವವನು. ಪೇಂಟ್ ಒಳಗೆ ಎರಡು ಕಾಲಲ್ಲಿ ನಿಲ್ಲುತ್ತಾನೆ, ಶಾಟ್ ಎತ್ತುವ ಹಾಗೆ ಮಾಡುತ್ತಾನೆ, ಉದ್ದನೆಯವನು ಹಾರಿದಾಗ ಅವನ ಕೈ ಕೆಳಗಿಂದ ಹೆಜ್ಜೆ ಹಾಕಿ ಹೋಗುತ್ತಾನೆ. ಅದು ಹಳೆಯ ಕಾಲದ ಪೋಸ್ಟ್ ಆಟಗಾರ ಕೆವಿನ್ ಮ್ಯಾಕ್‌ಹೇಲ್‌ನ ಅಪ್ ಅಂಡ್ ಅಂಡರ್ ಅಲ್ವಾ? ಸೆಂಟರ್‌ಗಳು ಕೈಬಿಟ್ಟದ್ದನ್ನು ಗಾರ್ಡ್‌ಗಳು ಎತ್ತಿಕೊಂಡಿದ್ದಾರೆ.

ಒಂದೇ ವಿಷಯಕ್ಕೆ ನನ್ನ ತಕರಾರು, ಅದು ಸ್ಕೈಹುಕ್, ಅಂದರೆ ಬಹಳ ಎತ್ತರದಿಂದ ಬಿಡುವ ಹುಕ್. ಅದು ಈಗ ಕಾಣುವುದೇ ಅಪರೂಪ. 1967ರಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ (ಚೆಂಡನ್ನು ಮೇಲಿಂದ ರಿಂಗ್‌ಗೆ ತುರುಕುವುದು) ನಿಷೇಧಿಸಿದ ಮೇಲೆ ಕರೀಮ್ ಅಬ್ದುಲ್-ಜಬ್ಬಾರ್ ಆ ಶಾಟನ್ನು ಇನ್ನಷ್ಟು ತಿದ್ದಿಕೊಂಡ. ಮುಂದೆ ಎನ್‌ಬಿಎಯಲ್ಲಿ 38,387 ಪಾಯಿಂಟ್. 2023ರವರೆಗೆ ಯಾರೂ ಆ ಸಂಖ್ಯೆ ಮುಟ್ಟಲಿಲ್ಲ. ದೇಹ ಅಡ್ಡ ಇಟ್ಟು, ದೂರದ ಕೈಯಿಂದ, ತಲೆಗಿಂತ ಬಹಳ ಮೇಲಿಂದ ಬಿಡುವ ಚೆಂಡನ್ನು ಯಾವ ಝೋನ್ ತಡೆಯುತ್ತದೆ? ಡಬಲ್ ಬರುವ ಮುಂಚೆಯೇ ಬಿಡಬಹುದು. ಡಿಫೆನ್ಸ್ ಬದಲಾಯಿತು ಅನ್ನುವ ಕಾರಣ ಇಲ್ಲಿ ನನಗೆ ಒಪ್ಪಿಗೆಯಾಗುವುದಿಲ್ಲ. ಅದನ್ನು ಕಲಿಯಲು ವರ್ಷಗಟ್ಟಲೆ ಬೇಕು, ಮತ್ತೆ ಹುಡುಗರ ಕಣ್ಣಿಗೆ ಅದು ಅಜ್ಜನ ಕಾಲದ ಶಾಟ್. ಎತ್ತರದ ಹುಡುಗ ಸಿಕ್ಕ ಕೂಡಲೇ ಕೋಚ್ ಅವನನ್ನು ಮೂರು ಪಾಯಿಂಟ್ ಗೆರೆಯಾಚೆ ನಿಲ್ಲಿಸುತ್ತಾರೆ. ಕೆಳಹಂತದ ಪಂದ್ಯಗಳಲ್ಲಂತೂ ಸಹಾಯಕ್ಕೆ ಬರುವವರು ಎನ್‌ಬಿಎಯಷ್ಟು ಚುರುಕಾಗಿರುವುದೂ ಇಲ್ಲ. ದಿನಾ ಅಭ್ಯಾಸದ ಕೊನೆಗೆ ಹತ್ತು ನಿಮಿಷ, ಎರಡೂ ಕೈಯಿಂದ ಹುಕ್ ಹಾಕಿಸಿದರೆ ಏನು ನಷ್ಟ?