ಶಾಲೆಯ ಷೇರು ಯೋಜನೆಗೆ ನಮ್ಮ ಜಿಲ್ಲೆಯ ಕಂಪನಿಯೇ ಬೇಕೆ?

ಪರ: ಮನೆಯ ಮುಂದಿನ ಲಾರಿಯಿಂದಲೇ ಪಾಠ ಆರಂಭವಾಗಲಿ
(ಸಂಡೂರು ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿ)

ಒಂಬತ್ತನೆಯ ತರಗತಿಯ ಮಕ್ಕಳಿಗೆ, ಯಾವುದಾದರೂ ಒಂದು ಕಂಪನಿಯ ಷೇರನ್ನು ಆರಿಸಿಕೊಂಡು ಮೂರು ತಿಂಗಳು ಅದರ ದರವನ್ನು ದಿನವೂ ಬರೆದಿಡಬೇಕೆಂದು ಹೇಳಿದ ಕೂಡಲೇ ಬರುವ ಪ್ರಶ್ನೆ, ‘ಯಾವ್ದು ತಗೋಬೇಕ್ರಿ ಟೀಚರ್?’ ಎಂಬುದು. ಇಲ್ಲಿ ಹಣ ಹೂಡುವ ಮಾತಿಲ್ಲ, ನೋಟ್‌ಬುಕ್ಕಿನ ಲೆಕ್ಕವಷ್ಟೇ. ಆದರೂ ಆಯ್ಕೆ ತಪ್ಪಿದರೆ ಎರಡನೆಯ ವಾರಕ್ಕೇ ಮಕ್ಕಳ ಆಸಕ್ತಿ ಆರಿಹೋಗುತ್ತದೆ. ಆದ್ದರಿಂದ ನಾನು ಪ್ರತಿವರ್ಷ ಹೇಳುವುದು ಒಂದೇ ಮಾತು: ನಿಮ್ಮ ಮನೆಯ ಮುಂದೆ ಹಾದುಹೋಗುವ ಲಾರಿಯಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ.

ನಮ್ಮ ಮಕ್ಕಳಿಗೆ ಆಯ್ಕೆಯ ಕೊರತೆಯಿಲ್ಲ. ದೋಣಿಮಲೈಯಲ್ಲಿ ಕೇಂದ್ರ ಸರ್ಕಾರಿ ಕಂಪನಿಯಾದ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿಯಿದೆ, ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಿದೆ, 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಕಂಪನಿಯಿದೆ. ಪಕ್ಕದ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್‌ನ ಬೀಡುಕಬ್ಬಿಣದ ಕುಲುಮೆಯಿದೆ. ಇವೆಲ್ಲವುಗಳ ಷೇರುಗಳೂ ಷೇರುಪೇಟೆಯಲ್ಲಿವೆ. ಗಣಿ ಗುತ್ತಿಗೆ, ರಾಜಧನ, ಪರ್ಮಿಟ್ ಎಂಬ ಪದಗಳನ್ನು ಊಟದ ಹೊತ್ತಿನಲ್ಲಿ ಕೇಳುತ್ತಲೇ ಬೆಳೆದ ಮಗುವಿಗೆ ಕಂಪನಿಯ ವಾರ್ಷಿಕ ವರದಿ ಪರಕೀಯವೆನಿಸುವುದಿಲ್ಲ. ಊರಿನ ಕಂಪನಿ ಬೇಡವೆನ್ನುವವರು, ಮಕ್ಕಳು ಮೊಬೈಲಿನಲ್ಲಿ ಅಂದು ಏರಿದ ಹೆಸರುಗಳ ಪಟ್ಟಿಯನ್ನು ನೋಡಿ ಒಂದನ್ನು ಬರೆದುಕೊಂಡರೆ ಸಾಕು ಎನ್ನುವವರು. ದರ ನಿರ್ಧಾರವಾಗುವುದು ನಮ್ಮೂರಿನಲ್ಲಲ್ಲ ಎಂದೂ ಅವರು ವಾದಿಸುತ್ತಾರೆ. ಮಳೆ ಬೀಳುವುದು ಮಲೆನಾಡಿನಲ್ಲಿ; ಹಾಗೆಂದು ತುಂಗಭದ್ರಾ ಜಲಾಶಯದ ಮಟ್ಟವನ್ನು ನಾವು ದಿನವೂ ಪತ್ರಿಕೆಯಲ್ಲಿ ನೋಡದೆ ಇರುತ್ತೇವೆಯೇ?

2024ರ ಡಿಸೆಂಬರಿನಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ಟಿಪ್ಪರ್ ಚಾಲಕರೊಬ್ಬರ ಮಗಳು ಎನ್‌ಎಂಡಿಸಿಯನ್ನು ಆರಿಸಿಕೊಂಡಿದ್ದಳು. ಗ್ರಾಫ್ ಹಾಳೆಯಲ್ಲಿ ಚೌಕಕ್ಕೆ ಎರಡು ರೂಪಾಯಿಯಂತೆ ಅಳತೆ ಹಾಕಿ, ಮೂರೂವರೆಗೆ ಪೇಟೆ ಮುಚ್ಚಿದ ಮೇಲಿನ ದರಕ್ಕೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು ಗೆರೆ ಸೇರಿಸುತ್ತಿದ್ದಳು. ಡಿಸೆಂಬರ್ 27ರಂದು ದರ ಹಿಂದಿನ ದಿನದ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಅವಳ ಗೆರೆ ಹಾಳೆಯ ಕೆಳಗಂಚನ್ನು ದಾಟಿ, ಅನ್ನದ ಅಗುಳಿನಿಂದ ಅಂಟಿಸಿದ ಇನ್ನೊಂದು ಹಾಳೆಗೆ ಇಳಿದಿತ್ತು. ಅದನ್ನು ನನ್ನ ಮೇಜಿನ ಮೇಲೆ ಹರಡಿ ಅವಳು ಕೇಳಿದ್ದು, ‘ಗಣಿ ಮತ್ತೆ ಬಂದ್ ಆತೇನ್ರಿ ಟೀಚರ್?’ ಎಂದು.

ಆ ಭಯ ಸುಮ್ಮನೆ ಬಂದುದಲ್ಲ. ಗುತ್ತಿಗೆ ನವೀಕರಣಕ್ಕೆ ರಾಜ್ಯ ಸರ್ಕಾರ ಅದಿರಿನ ಮಾರಾಟ ಮೌಲ್ಯದ ಶೇ 80ರಷ್ಟು ಪ್ರೀಮಿಯಂ (ಹೆಚ್ಚುವರಿ ಹಣ) ಕೇಳಿದ ವಿವಾದದಿಂದಾಗಿ ದೋಣಿಮಲೈ ಗಣಿ 2018ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ನಿಂತಿದ್ದಾಗ ಅವಳ ತಂದೆ ಮನೆಯಲ್ಲಿ ಕುಳಿತಿದ್ದರು. ಈ ಸಲ ಆಗಿದ್ದು ಬೇರೆ: ಕಂಪನಿ ಒಂದು ಷೇರಿಗೆ ಎರಡು ಬೋನಸ್ ಷೇರು, ಅಂದರೆ ಹಣ ಪಡೆಯದೆ ಕೊಡುವ ಹೆಚ್ಚುವರಿ ಷೇರು, ಕೊಟ್ಟಿತ್ತು. ಒಂದಿದ್ದುದು ಮೂರಾಯಿತು, ದರ ಮೂರನೆಯ ಒಂದಾಯಿತು, ಷೇರುದಾರನ ಗಂಟು ಇದ್ದಷ್ಟೇ ಉಳಿಯಿತು. ‘ಒಂದು ರೊಟ್ಟಿ ಮೂರು ತುಂಡು ಮಾಡಿದಂಗ’ ಎಂದು ಅವಳೇ ಹೇಳಿದಳು. ಅಷ್ಟಕ್ಕೆ ಬಿಡದೆ, ಗಣಿ ನಿಜವಾಗಿ ನಿಂತಿದ್ದಾಗ ಕಂಪನಿ ಹೇಗೆ ನಡೆಯಿತೆಂದು ಕೇಳಿದಳು. ಕಂಪನಿಯ ಅದಿರಿನ ಬಹುಪಾಲು ಬರುವುದು ಛತ್ತೀಸಗಢದ ಬೈಲಾಡಿಲಾ ಗಣಿಗಳಿಂದ ಎಂಬುದನ್ನು ವರದಿಯಲ್ಲಿ ನಾವಿಬ್ಬರೂ ಓದಿದೆವು. ತನ್ನ ಮನೆಗೆ ಸರ್ವಸ್ವವಾದ ಗಣಿ ಆ ಕಂಪನಿಗೆ ಒಂದು ಪಾಲು ಮಾತ್ರ ಎಂದು ತಿಳಿದು ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹಳೆಯ ದರಗಳನ್ನೆಲ್ಲ ಮೂರರಿಂದ ಭಾಗಿಸಿ ಹೊಸ ಹಾಳೆಯಲ್ಲಿ ಗೆರೆ ಎಳೆದಳು. ಎರಡೂ ಹಾಳೆಗಳನ್ನು ನಾನು ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ.

ವಿರೋಧ: ಕಣ್ಣಿಗೆ ಕಂಡದ್ದೇ ಕಂಪನಿಯಲ್ಲ
(ರಾಯಚೂರಿನ ಲೆಕ್ಕಪರಿಶೋಧಕ)

ವಿರೋಧದ ಪಕ್ಷವನ್ನು ನನಗೆ ವಹಿಸಲಾಗಿದೆ. ಊರಿನ ಕಂಪನಿಯನ್ನು ಮಕ್ಕಳು ಆರಿಸಿಕೊಳ್ಳಲೇಬಾರದು ಎಂದು ನಾನು ಹೇಳಲಾರೆ. ಅದನ್ನು ನಿಯಮವಾಗಿಸಬಾರದು ಎಂಬುದನ್ನು ಮನಃಪೂರ್ವಕವಾಗಿ ಹೇಳಬಲ್ಲೆ.

ಮೊದಲನೆಯದಾಗಿ, ಆ ನಿಯಮ ಬಳ್ಳಾರಿಗೆ ಹೊಂದಬಹುದು, ರಾಯಚೂರಿಗೆ ಹೊಂದುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುವ ಕಂಪನಿ ರಾಜ್ಯ ಸರ್ಕಾರದ್ದು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ರಾಜ್ಯದ ವಿದ್ಯುತ್ ನಿಗಮದ್ದು. ಎರಡರ ಷೇರುಗಳೂ ಪೇಟೆಯಲ್ಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಗಳೂ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳೂ ಬಹುತೇಕ ಮನೆತನದ ವ್ಯವಹಾರಗಳು. ಚಿನ್ನದ ಗಣಿಯ ಮೇಲೆಯೇ ವಾಸಿಸುವ ಮಗು ಆಗ ಯಾವ ಷೇರಿನ ದರವನ್ನು ಬರೆಯಬೇಕು?

ಎರಡನೆಯದಾಗಿ, 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಉತ್ಪನ್ನಗಳಿಗೆ ಶೇ 15ರಷ್ಟು ರಫ್ತು ಸುಂಕ ವಿಧಿಸಿದಾಗ ಉಕ್ಕಿನ ಷೇರುಗಳು ಒಂದೇ ದಿನದಲ್ಲಿ ಕುಸಿದವು. ಅಂದು ತೋರಣಗಲ್ಲಿನ ಕುಲುಮೆ ಆರಿರಲಿಲ್ಲ, ಲಾರಿಗಳು ನಿಂತಿರಲಿಲ್ಲ. ಊರನ್ನು ನೋಡಿ ದರವನ್ನು ಅರಿಯಲಾಗದು.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. 2010ರಲ್ಲಿ ಹೊಸಪೇಟೆಯಲ್ಲಿ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದಾಗ, ಅದಿರನ್ನೇ ನೆಚ್ಚಿಕೊಂಡಿದ್ದ ಒಂದು ಕಂಪನಿಯ ಷೇರುಗಳಿಗೆ ನನ್ನ ಮೊದಲ ಉಳಿತಾಯವನ್ನೆಲ್ಲ ಹಾಕಿದೆ. ರಾತ್ರಿ ಹೆದ್ದಾರಿಯ ಪಕ್ಕದ ಚಹಾದ ಅಂಗಡಿಯಲ್ಲಿ ನಿಂತು ಲಾರಿಗಳನ್ನು ಎಣಿಸಿದ್ದೇ ನನ್ನ ಅಧ್ಯಯನ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿಯೇ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದುದು ಆ ಅಂಗಡಿಯಿಂದ ಕಾಣುತ್ತಿರಲಿಲ್ಲ. 2011ರ ಜುಲೈ 29ರಂದು ಬಳ್ಳಾರಿಯ ಅದಿರು ಗಣಿಗಾರಿಕೆಗೆ ನ್ಯಾಯಾಲಯ ತಡೆ ನೀಡಿತು. ಆ ಷೇರುಗಳನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿ ತಂಗಿಯ ಕಾಲೇಜಿನ ಶುಲ್ಕ ಕಟ್ಟಿದೆ.

ಆದ್ದರಿಂದ ಊರಿನ ಕಂಪನಿಯನ್ನು ಆರಿಸಿಕೊಂಡ ಮಗುವಿಗೆ, ಅಂಗಡಿಯಲ್ಲಿ ದಿನವೂ ಕೊಳ್ಳುವ ಸಾಬೂನಿನದ್ದೋ ಬಿಸ್ಕತ್ತಿನದ್ದೋ ಒಂದು ಕಂಪನಿಯ ದರವನ್ನು ಪಕ್ಕದ ಕಾಲಂನಲ್ಲಿ ಬರೆದಿಡಲು ಶಿಕ್ಷಕರು ಹೇಳಬೇಕು. ಎರಡು ಗೆರೆಗಳು ಬೇರೆ ಬೇರೆ ದಿಕ್ಕಿಗೆ ಹೋದ ದಿನ ಮಗು ಕಾರಣವನ್ನು ಊರಿನ ಹೊರಗೂ ಹುಡುಕುತ್ತದೆ. ರಾಯಚೂರಿನ ಮಕ್ಕಳು ಆ ಪಕ್ಕದ ಕಾಲಂನಿಂದಲೇ ಆರಂಭಿಸಬೇಕಾಗುತ್ತದೆ.