ಬರೆದಿಡದ ಖಾತರಿ

ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳಿಗೆ ಅಮೆರಿಕ ಸರ್ಕಾರದ ಬೆಂಬಲ ಇದ್ದುದರಿಂದಲೇ ಅಲ್ಲಿ ಮನೆ ಸಾಲ ಅಗ್ಗವಾಯಿತು ಎಂಬ ಮಾತು ಅರ್ಧ ಮಾತ್ರ ಸರಿ; ಬೆಂಬಲವಿದೆ ಎಂಬ ನಂಬಿಕೆಯಿತ್ತು, ಬರೆದಿಟ್ಟ ಖಾತರಿ ಇರಲಿಲ್ಲ. ಇವು ನೇರವಾಗಿ ಸಾಲ ಕೊಡುವುದಿಲ್ಲ; ಬ್ಯಾಂಕುಗಳು ಕೊಟ್ಟ ಗೃಹಸಾಲಗಳನ್ನು ಕೊಂಡು, ಒಟ್ಟುಗೂಡಿಸಿ, ತಮ್ಮ ಖಾತರಿ ಸೇರಿಸಿ ಹೂಡಿಕೆದಾರರಿಗೆ ಮಾರುತ್ತವೆ. ಸರ್ಕಾರದ ಖಾತರಿ ಇಲ್ಲವೆಂದು ಹೀಗೆ ಮಾರುವ ಹೂಡಿಕೆ ಪತ್ರಗಳಲ್ಲೇ ಹೇಳಿದ್ದರೂ ಪೇಟೆ ಅದನ್ನು ನಂಬಲಿಲ್ಲ; ಕಷ್ಟ ಬಂದರೆ ಸರ್ಕಾರ ಕೈಬಿಡದೆಂದೇ ಎಣಿಸಿತು. 2008ರ ಸೆಪ್ಟೆಂಬರಿನಲ್ಲಿ ಸರ್ಕಾರ ಎರಡನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡು, ಮುಂದೆ ಸುಮಾರು 19,000 ಕೋಟಿ ಡಾಲರ್ ಸುರಿದಾಗ ನಂಬದಿದ್ದವರೇ ಗೆದ್ದರು. ಅದಕ್ಕಿಂತ ಹೆಚ್ಚಿನ ಹಣ ಲಾಭಾಂಶವಾಗಿ ಖಜಾನೆಗೆ ಮರಳಿತೆಂಬುದು ನಿಜ, ಆದರೆ ಹಣ ಸುರಿಯುವಾಗ ಆ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ.

ನಮ್ಮ ಠೇವಣಿ ವಿಮೆಗಾದರೋ ಬರೆದಿಟ್ಟ ಮಿತಿಯಿದೆ: 2020ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಹಾಗಿದ್ದೂ, ಬೆಂಗಳೂರಿನ ನಮ್ಮ ಬಡಾವಣೆಯ ಸಹಕಾರಿ ಬ್ಯಾಂಕೊಂದರಲ್ಲಿ ಹಣ ತೆಗೆಯಲು ನಿರ್ಬಂಧ ಬಂದ ದಿನ, ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಗುಮಾಸ್ತರನ್ನು ಕೇಳಿದ್ದು ಇಷ್ಟೇ: "ವಿಮೆಗೆ ಮೀರಿದ್ದನ್ನು ಸರ್ಕಾರ ಕೊಡುತ್ತದಲ್ಲವೇ ಸ್ವಾಮಿ?"